ಮಷೀನಿಗೊಂದು ಅಭ್ಯಂಜನ

ವಾಷಿಂಗ್ ಮಷೀನು ಮನೆಗೆ ಬಂದ ದಿನ ಅದಕ್ಕೆ ನಡೆಯುವ ಉಪಚಾರ ಹೊಸ ಅಳಿಯನಿಗೂ ನಡೆಯಲಿಕ್ಕಿಲ್ಲ. ಕಾಲ ಕೆಳಗೆ ಗಾಲಿಯ ಸ್ಟ್ಯಾಂಡು, ಮೈಗೆ ಜಿಪ್ಪಿರುವ ಹೂಬಳ್ಳಿ ಕವರು, ನೆತ್ತಿಯ ಮೇಲೆ ಅತ್ತೆಯವರೇ ಹೆಣೆದ ಕ್ರೋಶಾ ಬಟ್ಟೆ. ಸ್ವಲ್ಪ ದಿನಕ್ಕೆ ಆ ಬಟ್ಟೆಯ ಮೇಲೆ ಸೋಪುಪುಡಿ ಡಬ್ಬ, ಕ್ಲಿಪ್ಪಿನ ಬುಟ್ಟಿ, ಇಸ್ತ್ರಿಗೆ ಕೊಡುವ ಗಂಟು, ಯಾವುದೋ ಮದುವೆಯಲ್ಲಿ ಸಿಕ್ಕಿದ ತಾಂಬೂಲದ ಚೀಲಗಳು ಬಂದು ಕೂತು, ಕೆಳಗಿರುವುದು ಮಷೀನು ಎಂಬುದೇ ಮರೆತುಹೋಗುತ್ತದೆ. ಆಯುಧಪೂಜೆಯ ದಿನ ಮಾತ್ರ ಮೇಲಿನ ಸಾಮಾನೆಲ್ಲ ಇಳಿಸಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ವಿಭೂತಿ ಪಟ್ಟೆ ಎಳೆದು, ಅರಿಶಿನ ಕುಂಕುಮ ಇಟ್ಟು, ಒಂದು ಮೊಳ ಸೇವಂತಿಗೆ ಮುಡಿಸುತ್ತೇವೆ. ಸ್ಕೂಟರು, ಮಿಕ್ಸಿ, ಮಗನ ಲ್ಯಾಪ್‌ಟಾಪು, ಇಳಿಗೆಮಣೆಗಳ ಸಾಲಿನಲ್ಲಿ ಅದಕ್ಕೂ ಮಂಗಳಾರತಿ. ಹೂವಿನ ಎಸಳು ಒಂದೆರಡು ಸೋಪುಪುಡಿಯ ಡ್ರಾಯರಿನೊಳಗೆ ಬಿದ್ದು ಅಲ್ಲೇ ಒಣಗುತ್ತವೆ. ಮುಂದಿನ ಆಯುಧಪೂಜೆಗೂ ಅಲ್ಲೇ ಇರುತ್ತವೆ. ಆ ಡ್ರಾಯರು ಪೂರ್ತಿ ಹೊರಕ್ಕೆ ಬರುತ್ತದೆ, ಬಂದರೆ ನಲ್ಲಿ ಕೆಳಗೆ ಹಿಡಿದು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಬಹುದು ಎಂಬುದು ಬಹಳ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಇಷ್ಟು ಮರ್ಯಾದೆ ಪಡೆದ ಮಷೀನು ಒಂದು ಮಳೆಗಾಲದಲ್ಲಿ ಮುಗ್ಗುಲು ವಾಸನೆ ಹೊಡೆಯಲು ಶುರುಮಾಡಿದರೆ ಮನೆಯವರಿಗೆ ಬೇಜಾರಾಗುತ್ತದೆ. ‘ಏನು ಕಡಿಮೆ ಮಾಡಿದೀವಿ ಇದಕ್ಕೆ?’ ಎನ್ನುತ್ತಾರೆ. ಕಡಿಮೆ ಮಾಡಿದ್ದು ಏನೂ ಇಲ್ಲ, ಮಾಡಿದ್ದೆಲ್ಲ ಜಾಸ್ತಿಯೇ. ಅಕ್ಕಪಕ್ಕದ ಮನೆಗಳ ಮಷೀನುಗಳನ್ನೂ ನಮ್ಮದನ್ನೂ ನೋಡಿ ನಾನು ಬಂದಿರುವ ತೀರ್ಮಾನ ಇದು: ಅಲಕ್ಷ್ಯದಿಂದ ಕೆಟ್ಟ ಮಷೀನುಗಳು ಕಡಿಮೆ, ಅಕ್ಕರೆಯಿಂದ ಕೆಟ್ಟವು ಹೆಚ್ಚು.

ಅಕ್ಕರೆಯ ಮೊದಲ ರೂಪ ಸೋಪುಪುಡಿ. ಪ್ಯಾಕೆಟ್ಟಿನ ಬೆನ್ನಿಗೆ ಅಳತೆ ಬರೆದಿರುತ್ತದೆ, ಕೆಲವದರೊಳಗೆ ಅಳೆಯುವ ಚಮಚವನ್ನೂ ಹಾಕಿರುತ್ತಾರೆ. ಆ ಚಮಚ ನಮ್ಮ ಮನೆಯಲ್ಲಿ ಗುಲಾಬಿ ಗಿಡಕ್ಕೆ ಗೊಬ್ಬರ ಹಾಕುವ ಕೆಲಸಕ್ಕೆ ವರ್ಗವಾಗಿ ಬಹಳ ಕಾಲವಾಯಿತು. ಮಷೀನಿಗೆ ಪುಡಿ ಬೀಳುವುದು ಕೈಯಂದಾಜಿನಲ್ಲಿ. ಉಪ್ಪು, ಹುಳಿ, ಖಾರವನ್ನೆಲ್ಲ ಜೀವಮಾನವಿಡೀ ಕೈಯಂದಾಜಿನಲ್ಲೇ ಹಾಕಿ ಗೆದ್ದ ನಮ್ಮತ್ತೆಗೆ ಸೋಪುಪುಡಿಗೆ ಚಮಚ ಹಿಡಿಯಿರಿ ಎಂದರೆ ಅವಮಾನವೇ ಸರಿ. ‘ಒಂದು ಹಿಡಿ ಜಾಸ್ತಿ ಬಿದ್ರೆ ಏನಮ್ಮ ಆಗತ್ತೆ, ಬಟ್ಟೆ ಇನ್ನೂ ಬೆಳ್ಳಗಾಗತ್ತೆ’ ಎನ್ನುತ್ತಾರೆ. ಮುಂಬಾಗಿಲಿನ ಮಷೀನಿನ ಗಾಜಿನಾಚೆ ನೊರೆ ತುಂಬಿ ಬಟ್ಟೆ ಕಾಣದಂತಾದಾಗ ಅವರ ಮುಖದಲ್ಲಿ ಒಂದು ಸಮಾಧಾನ. ನೊರೆ ಬಂದರೆ ಕೊಳೆ ಹೋಯಿತು, ಅಷ್ಟೇ.

ಈ ನಂಬಿಕೆಯನ್ನು ನಾನು ಮೂಢನಂಬಿಕೆ ಎಂದು ತಳ್ಳಿಹಾಕುವುದಿಲ್ಲ, ಅದಕ್ಕೆ ಗಟ್ಟಿ ಹಿನ್ನೆಲೆಯಿದೆ. ಅತ್ತೆಯವರದು ತುಮಕೂರು ಜಿಲ್ಲೆ, ಬೋರ್ ನೀರಿನ ಸೀಮೆ. ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪಿಗೆ ನೊರೆ ಬರುವುದಿಲ್ಲ, ತಲೆಗೆ ಸ್ನಾನ ಮಾಡಿದರೆ ಕೂದಲು ಅಂಟಂಟು. ಮೂರಕ್ಕೂ ಕಾರಣ ಒಂದೇ, ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಒಗೆಯುವ ಕಲ್ಲಿನ ಮೇಲೆ ಬಾರ್ ಸೋಪು ತಿಕ್ಕುವ ಕಾಲದಲ್ಲಿ ಹಾಕಿದ ಸೋಪೆಲ್ಲ ಮೊದಲು ಆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿಯಾಗಿ ಹಾಳಾಗುತ್ತಿತ್ತು. ಅದರ ಹೊಟ್ಟೆ ತುಂಬಿದ ಮೇಲೆ ಉಳಿದ ಸೋಪು ಮಾತ್ರ ನೊರೆ ಕೊಡುತ್ತಿತ್ತು, ಕೊಳೆ ತೆಗೆಯುತ್ತಿತ್ತು. ಹಾಗಾಗಿ ನೊರೆ ಎನ್ನುವುದು ಆಗ ನಿಜವಾಗಿಯೂ ಸೋಪು ಕೆಲಸಕ್ಕೆ ಹತ್ತಿತು ಎಂಬುದಕ್ಕೆ ಸಾಕ್ಷಿ. 1959ರಲ್ಲಿ ಸರ್ಫ್ ಬಂತು, 1969ರಲ್ಲಿ ಅಹಮದಾಬಾದಿನಿಂದ ನಿರ್ಮಾದ ಹಳದಿ ಪುಡಿ ಬಂತು. ಡಿಟರ್ಜೆಂಟಿಗೆ ಗಡಸು ನೀರಿನ ಕಾಟ ಅಷ್ಟಿಲ್ಲ. ನೊರೆಗೂ ಕೊಳೆಗೂ ಇದ್ದ ಹಳೆಯ ಲೆಕ್ಕ ಅಲ್ಲಿಗೆ ಮುರಿಯಿತು. ಆದರೆ ನೊರೆ ಕಾಣದಿದ್ದರೆ ಗಿರಾಕಿಗೆ ಸಮಾಧಾನವಿಲ್ಲವೆಂದು ಕೈಯಲ್ಲಿ ಒಗೆಯುವ ಪುಡಿಗಳು ಇವತ್ತಿಗೂ ಧಾರಾಳವಾಗಿ ನೊರೆ ಉಕ್ಕಿಸುತ್ತವೆ. ಅದೇ ಪುಡಿಯನ್ನು ನಾವು ಮಷೀನಿಗೂ ಸುರಿಯುತ್ತೇವೆ.

ಮುಂಬಾಗಿಲಿನ ಮಷೀನು ಒಗೆಯುವುದು ಬಟ್ಟೆಯನ್ನು ಮೇಲಕ್ಕೆತ್ತಿ ಕೆಳಕ್ಕೆ ಕೆಡವಿ. ನೀರು ತೀರ ಕಡಿಮೆ, ಬಟ್ಟೆಯ ಮೇಲೆ ಬಟ್ಟೆ ಬಿದ್ದ ಪೆಟ್ಟಿಗೇ ಕೊಳೆ ಬಿಡಬೇಕು. ನೊರೆ ತುಂಬಿಬಿಟ್ಟರೆ ಬೀಳುವ ಬಟ್ಟೆಗೆ ಪೆಟ್ಟು ತಾಗುವುದೇ ಇಲ್ಲ. ಹೆಚ್ಚು ಸೋಪು ಹಾಕಿದಷ್ಟೂ ಒಗೆತ ಕಡಿಮೆ ಎಂಬ ಈ ವಿಚಿತ್ರವನ್ನು ಅತ್ತೆಗೆ ಒಪ್ಪಿಸುವ ತಾಕತ್ತು ನನಗಿರಲಿಲ್ಲ. ಒಪ್ಪಿಸಿದವನು ಮೆಕ್ಯಾನಿಕ್ ಹುಡುಗ.

ಗದಗಿನ ಕಡೆಯವನು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬ್ಯಾಗು ಕೆಳಗಿಟ್ಟು, ಸ್ಕ್ರೂಡ್ರೈವರ್ ತೆಗೆಯುವ ಮೊದಲು ಮಷೀನಿನ ಬಾಗಿಲು ತೆರೆದು ಮೂಗು ಒಳಗೆ ಹಾಕಿದ. ವೈದ್ಯರು ನಾಲಿಗೆ ನೋಡುವ ಗಾಂಭೀರ್ಯ ಆ ಮುಖದಲ್ಲಿತ್ತು. ‘ಅಕ್ಕಾರ, ಒಂದ್ ಕೆಲಸಾ ಮಾಡೂಣ್ರಿ. ಬಟ್ಟಿ ಹಾಕಬ್ಯಾಡ್ರಿ, ಸಬಕಾರ ಹಾಕಬ್ಯಾಡ್ರಿ. ಬರೇ ಬಿಸಿನೀರಾಗ ತಿರುಗಿಸೂಣು’ ಎಂದ. ತಿರುಗಿಸಿದ. ಅತ್ತೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಮಷೀನಿನ ಎದುರು ಕೂತರು. ಮೊದಲು ಗಾಜಿನಾಚೆ ಬರಿ ನೀರು ಚಿಮ್ಮುವುದು ಕಂಡಿತು. ಸ್ವಲ್ಪ ಹೊತ್ತಿಗೆ ಗಾಜಿನ ಕೆಳಅಂಚಿನಲ್ಲಿ ಬೂದುಬಣ್ಣದ ಗುಳ್ಳೆಗಳು ಕಾಣಿಸಿಕೊಂಡವು. ನೀರು ಬಿಸಿಯಾದಂತೆಲ್ಲ ಗುಳ್ಳೆ ಏರಿತು, ಅರ್ಧ ಗಾಜು ಮುಚ್ಚಿತು, ಆಮೇಲೆ ಪೂರ್ತಿ ಮುಚ್ಚಿತು. ನೊರೆಯ ನಡುವೆ ಕರಿ ಚೂರುಗಳು, ಹರಿದ ಹಾಳೆಯ ತುಣುಕಿನಷ್ಟು ದೊಡ್ಡವು, ತೇಲಿ ಬಂದು ಗಾಜಿಗೆ ಅಂಟಿ ಮತ್ತೆ ಜಾರಿದವು.

‘ಸೋಪೇ ಹಾಕಿಲ್ವಲ್ಲೋ ತಮ್ಮಾ, ಇದೆಲ್ಲಿಂದ ಬಂತು?’ ಅತ್ತೆ ಕೇಳಿದರು.

‘ಹಳೇ ಬಾಕಿರಿ ಅಮ್ಮಾರ. ನೀವ್ ಹಾಕಿದ್ದು ಎಲ್ಲಾ ಒಳಗ ಕುಂತಿತ್ರಿ.’

ಬಾಕಿ ಎಂಬ ಮಾತು ಅತ್ತೆಗೆ ಚೆನ್ನಾಗಿ ನಾಟಿತು. ಸಾಲ ಉಳಿಸಿಕೊಂಡವರಲ್ಲ ಅವರು.

ಆ ಬಾಕಿ ಎಲ್ಲಿ ಕೂತಿತ್ತು ಎಂದು ತಿಳಿಯಲು ಮಷೀನಿನ ಒಳಮನೆಯ ನಕ್ಷೆ ಗೊತ್ತಿರಬೇಕು. ನಮಗೆ ಕಾಣುವುದು ತೂತುತೂತಿನ ಸ್ಟೀಲ್ ಡ್ರಮ್ಮು, ಅದು ಯಾವಾಗಲೂ ಫಳಫಳ. ಅದರ ಸುತ್ತ ನೀರು ಹಿಡಿದಿಡುವ ಇನ್ನೊಂದು ದೊಡ್ಡ ತೊಟ್ಟಿಯಿದೆ, ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಡ್ರಮ್ಮಿನ ಹೊರಮೈಗೂ ತೊಟ್ಟಿಯ ಒಳಮೈಗೂ ನಡುವಿನ ಸಂದಿಗೆ ನಮ್ಮ ಕೈಯೂ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ. ಕರಗದೆ ಉಳಿದ ಪುಡಿ, ಮೈಯ ಎಣ್ಣೆ, ಬಟ್ಟೆಯ ನಾರು, ಬಟ್ಟೆ ಮೆತ್ತಗಾಗಲೆಂದು ಹಾಕುವ ಸುವಾಸನೆಯ ಕಂಡಿಷನರಿನ ಜಿಡ್ಡು ಎಲ್ಲ ಅಲ್ಲಿ ಪದರಪದರವಾಗಿ ಕಟ್ಟುತ್ತದೆ. ಆ ಜಿಡ್ಡೇ ಸೂಕ್ಷ್ಮಜೀವಿಗಳಿಗೆ ಊಟ, ಅವು ಅಲ್ಲಿ ಲೋಳೆ ಹಾಕಿಕೊಂಡು ಬಿಡಾರ ಹೂಡುತ್ತವೆ. ಮಳೆಗಾಲದಲ್ಲಿ ಒಗೆದು ಒಳಗೇ ಒಣಗಿಸಿದ ಟವೆಲಿಗೆ ಬರುತ್ತದಲ್ಲ ಆ ದುರ್ವಾಸನೆ, ಅದರ ಹಿಂದಿರುವ ಮುಖ್ಯ ಜೀವಿ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿಕೊಟ್ಟರು. ಒಗೆದರೂ ಸುಲಭಕ್ಕೆ ಹೋಗದ, ಒಣಗಿದರೂ ಸಾಯದ ಜಾತಿ ಅದು. ವಾಸನೆ ಬಂತೆಂದು ನಾವು ಮಾಡುವುದೇನು? ಇನ್ನೊಂದು ಮುಚ್ಚಳ ಕಂಡಿಷನರು ಹೆಚ್ಚಿಗೆ ಹಾಕುತ್ತೇವೆ. ಅಂದರೆ ಅವಕ್ಕೆ ಇನ್ನೊಂದು ಬಡಿಸುತ್ತೇವೆ.

ಡ್ರಮ್ಮಿನ ಬೆನ್ನಿಗೆ ಮೂರು ತೋಳಿನ ಒಂದು ಲೋಹದ ಹಿಡಿಕೆಯಿದೆ, ಮೆಕ್ಯಾನಿಕ್ಕುಗಳು ಅದಕ್ಕೆ ಸ್ಪೈಡರ್ ಎನ್ನುತ್ತಾರೆ. ಡ್ರಮ್ಮು ತಿರುಗುವುದು ಅದರ ಆಸರೆಯಲ್ಲಿ. ಸಾಮಾನ್ಯವಾಗಿ ಅಲ್ಯುಮಿನಿಯಂ ಎರಕದ್ದು. ಸೋಪಿನ ಕ್ಷಾರ ಒದ್ದೆಯಾಗಿ ಅದಕ್ಕೆ ಮೆತ್ತಿಕೊಂಡೇ ಇದ್ದರೆ ವರ್ಷಗಳಲ್ಲಿ ಅದು ತಿಂದುಹೋಗಿ ಒಂದು ದಿನ ಹಿಂಡುವ ಹೊತ್ತಿನಲ್ಲಿ ಮುರಿಯುತ್ತದೆ. ಆ ಸದ್ದು ಕೇಳಿದವರಿಗೇ ಗೊತ್ತು. ಅದನ್ನು ಬದಲಿಸಲು ಹೇಳುವ ಬೆಲೆ ಕೇಳಿ ಬಹಳ ಜನ ಹೊಸ ಮಷೀನನ್ನೇ ತರುತ್ತಾರೆ. ಒಂದೊಂದು ಹಿಡಿ ಜಾಸ್ತಿ ಹಾಕಿದ ಸೋಪಿನ ಒಟ್ಟು ಬಿಲ್ಲು ಅದು.

ಫಿಲ್ಟರಿನ ಕಥೆ ಬೇರೆಯೇ. ಮುಂಬಾಗಿಲಿನ ಮಷೀನಿನ ತಳದಲ್ಲಿ, ಒಂದು ಮೂಲೆಗೆ, ಅಂಗೈಯಗಲದ ಮುಚ್ಚಳವಿರುತ್ತದೆ. ಅದನ್ನು ಅಲಂಕಾರವೆಂದು ತಿಳಿದವರೇ ಹೆಚ್ಚು. ಮೇನ್ಸ್ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮುಚ್ಚಳ ತೆರೆದರೆ ಒಳಗೆ ತಿರುಪಿನ ಗುಂಡಿ. ಕೆಳಗೆ ಇಡಲು ಪಾತ್ರೆ ಹುಡುಕಿದರೆ ಯಾವ ಪಾತ್ರೆಯೂ ಹಿಡಿಸುವುದಿಲ್ಲ, ಅಷ್ಟು ಕೆಳಗಿರುತ್ತದೆ. ಅಂಚಿರುವ ಅಗಲ ತಟ್ಟೆ, ಹಿಂದೆ ಒಂದು ಹಳೇ ಟವೆಲು, ಇಷ್ಟೇ ಸಾಧ್ಯ. ಗುಂಡಿಯನ್ನು ಒಂದೇ ಸಲ ತಿರುಗಿಸಿ ತೆಗೆದರೆ ಬಚ್ಚಲುಮನೆ ಕೆರೆಯಾಗುತ್ತದೆ. ಕಾಲು ಸುತ್ತು ಸಡಿಲಿಸುವುದು, ತಟ್ಟೆ ತುಂಬಿದೊಡನೆ ಬಿಗಿಯುವುದು, ಚೆಲ್ಲಿ ಬಂದು ಮತ್ತೆ ಸಡಿಲಿಸುವುದು. ಒಳಗೆ ನಿಂತ ನೀರಿನ ಬಣ್ಣ ರಾಗಿ ತೊಳೆದದ್ದು, ವಾಸನೆ ಮೋರಿಯದು.

ಹೊರಗೆ ಬಂದ ಫಿಲ್ಟರಿಗೆ ಸುತ್ತಿಕೊಂಡಿದ್ದ ಬೂದುಬಣ್ಣದ ಮುದ್ದೆಯನ್ನು ಹುಡುಗ ನ್ಯೂಸ್‌ಪೇಪರಿನ ಮೇಲಿಟ್ಟು ಸ್ಕ್ರೂಡ್ರೈವರಿನಿಂದ ಬಿಡಿಸಿದ. ಮೊದಲು ಉದ್ದನೆ ಕೂದಲು, ಮೂರು ತಲೆಮಾರಿನವು: ಬಿಳಿ, ಮೆಹಂದಿ ಕೆಂಪು, ಕಪ್ಪು. ಆಮೇಲೆ ಒಂದು ರೂಪಾಯಿ ನಾಣ್ಯ, ತುಕ್ಕು ಹಿಡಿದ ಪಿನ್ನು, ಶಾಲೆ ಅಂಗಿಯ ಗುಂಡಿ, ಬ್ಲೌಸಿನ ದಾರಕ್ಕೆ ಕಟ್ಟಿದ್ದ ಮಣಿ, ನೆನೆದು ಉಬ್ಬಿದ ಅಡಿಕೆ ಹೋಳು. ಕೊನೆಗೆ, ಕೂದಲಿನ ಸಿಕ್ಕಿನೊಳಗೆ, ಸಾಸಿವೆಗಿಂತ ಸ್ವಲ್ಪ ದೊಡ್ಡದೊಂದು ಹೊಳಪು. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅವರ ಮೂಗುಬೊಟ್ಟಿನ ತಿರುಪು! ಅದಕ್ಕಾಗಿ ಹಾಸಿಗೆ ದಿಂಬು ಕೊಡವಿ, ಬಚ್ಚಲ ಮೋರಿಗೆ ಕೈಹಾಕಿ, ಕೊನೆಗೆ ಆಂಜನೇಯನಿಗೆ ಹರಕೆಯನ್ನೂ ಹೊತ್ತಾಗಿತ್ತು. ನಮ್ಮ ಮನೆಯಲ್ಲಿ ಫಿಲ್ಟರಿಗೆ ಇವತ್ತು ಇರುವ ಗೌರವ ಆ ತಿರುಪಿನಿಂದ ಬಂದದ್ದು, ನನ್ನ ಉಪನ್ಯಾಸಗಳಿಂದಲ್ಲ.

ಮೇಲಿನಿಂದ ಬಟ್ಟೆ ಹಾಕುವ ಮಷೀನಿನವರಿಗೆ ಈ ಸಾಹಸವಿಲ್ಲ. ಒಳಗೋಡೆಗೆ ಸಿಕ್ಕಿಸಿದ ಜಾಲರಿ ಚೀಲವನ್ನು ಎಳೆದು ಕೊಡವಿದರೆ ಆಯಿತು. ಹಾಗೆಂದು ಅವರು ಬೀಗಬೇಕಿಲ್ಲ. ತಳದಲ್ಲಿ ತಿರುಗುವ ತಟ್ಟೆಯ ಸ್ಕ್ರೂ ಬಿಚ್ಚಿ ಎತ್ತಿ ನೋಡಲಿ, ಆಮೇಲೆ ಮಾತಾಡಲಿ.

ಹಾಂ, ಮಡಿಯ ವಿಷಯ ಹೇಳಬೇಕು. ಅತ್ತೆಯ ಮಡಿಸೀರೆ ಮಷೀನಿಗೆ ಇಳಿದದ್ದೇ ಇಲ್ಲ. ಸ್ವತಃ ಹಿಂಡಿ, ಎತ್ತರದ ಗಳಕ್ಕೆ ಕೋಲಿನಿಂದ ಹರವಿ ಒಣಗಿಸುತ್ತಾರೆ. ‘ಮನೆಮಂದಿಯ ಬಟ್ಟೆ ಜೊತೆ ಕಲಸಿ ತಿರುಗಿದ ಮೇಲೆ ಮಡಿ ಎಲ್ಲಿ ಬಂತು?’ ಎಂಬುದು ಅವರ ವಾದ. ಮಗ ಇದನ್ನು ಆಡಿಕೊಳ್ಳುತ್ತಿದ್ದ. ನ್ಯೂಸ್‌ಪೇಪರಿನ ಮೇಲೆ ಹರಡಿದ್ದ ಸಾಮಾನು ನೋಡಿದ ಮೇಲೆ ಆಡಿಕೊಳ್ಳುವುದು ನಿಂತಿತು. ಈ ಒಂದು ವಿಷಯದಲ್ಲಿ ಬ್ಯಾಕ್ಟೀರಿಯಾಶಾಸ್ತ್ರ ಅತ್ತೆಯ ಕಡೆಗಿದೆ.

ಹಳ್ಳಿಯ ಮಡಿವಾಳರ ಪದ್ಧತಿ ನೆನಪಿಸಿಕೊಳ್ಳಿ. ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ಕುದಿಯುವ ಹಂಡೆಯ ಮೇಲೆ ರಾಶಿ ಹಾಕಿ ಉಬ್ಬೆಗೆ ಇಡುತ್ತಿದ್ದರು. ಹಬೆ ಬಟ್ಟೆಯ ಎಳೆಎಳೆಗೂ ಏರುತ್ತಿತ್ತು. ಆಮೇಲೆ ಹೊಳೆಯ ಕಲ್ಲಿಗೆ ಬಡಿತ, ಮರಳಿನ ಮೇಲೆ ಬಿಸಿಲು. ಕ್ಷಾರ, ಬಿಸಿ, ಪೆಟ್ಟು, ಬಿಸಿಲು, ಈ ನಾಲ್ಕರಲ್ಲಿ ಯಾವ ಬ್ಯಾಕ್ಟೀರಿಯ ಬದುಕೀತು? ನಾವೀಗ ಕರೆಂಟು ಉಳಿಯಲೆಂದು ತಣ್ಣೀರಿನಲ್ಲಿ, ಹೊತ್ತು ಉಳಿಯಲೆಂದು ‘ಕ್ವಿಕ್ ವಾಶ್’ನಲ್ಲಿ ತಿರುಗಿಸಿ, ಬಾಲ್ಕನಿಯ ನೆರಳಿನಲ್ಲಿ ಒಣಗಿಸುತ್ತೇವೆ. ಬಟ್ಟೆಗೆ ಅದು ಸಾಕು, ನನ್ನ ತಕರಾರಿಲ್ಲ. ಮಷೀನಿಗೆ ಮಾತ್ರ ಸಾಲದು. ತಿಂಗಳಿಗೊಂದು ಸಲವಾದರೂ ಅದಕ್ಕೆ ಬರಿಹೊಟ್ಟೆಯಲ್ಲಿ ಬಿಸಿನೀರಿನ ಅಭ್ಯಂಜನ ಆಗಬೇಕು, 60 ಡಿಗ್ರಿಗೆ ಕಡಿಮೆಯಿಲ್ಲದೆ. ‘ಟಬ್ ಕ್ಲೀನ್’ ಎಂಬ ಗುಂಡಿಯಿದ್ದರೆ ಅದನ್ನು ಒತ್ತುವುದೇ ಸುಲಭ. ಆ ಗುಂಡಿಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರದ ಮನೆಗಳನ್ನು ನಾನು ನೋಡಿದ್ದೇನೆ.

ಬಿಸಿನೀರೆಂದರೆ ಬೆಂಗಳೂರಿನಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಯಾವ ನೀರು? ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ಪ್ರಯಾಣ ಮಾಡಿ, ಸುಮಾರು 500 ಮೀಟರು ಎತ್ತರ ಹತ್ತಿ ಬರುತ್ತದೆ. ಮೆದು ನೀರು. ಅದು ಬಾರದ ದಿನ ಬೋರು, ಬೋರು ಬತ್ತಿದ ದಿನ ಟ್ಯಾಂಕರು. ಟ್ಯಾಂಕರಿನವರು ತರುವುದೂ ಬಹುಮಟ್ಟಿಗೆ ಇನ್ಯಾರದೋ ಬೋರಿನದೇ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಇರಬಹುದು, ಬೇರೆ ಗತಿಯಿಲ್ಲದಿದ್ದರೆ 600ರವರೆಗೂ ಸಹಿಸಬಹುದು. ನಾವು ಸಹಿಸುತ್ತೇವೆ. ಮಷೀನಿನ ಹೀಟರು ಸಹಿಸುವುದಿಲ್ಲ. ಕರಗಿದ ಬೈಕಾರ್ಬನೇಟು ಕಾಯುತ್ತಲೇ ಒಡೆದು ಸುಣ್ಣವಾಗಿ, ಎಲ್ಲಿ ಬಿಸಿ ಹೆಚ್ಚೋ ಅಲ್ಲೇ, ಅಂದರೆ ಕಾಯಿಲಿನ ಮೈಗೇ ಮೆತ್ತಿಕೊಳ್ಳುತ್ತದೆ. ಸುಣ್ಣದ ಅಂಗಿ ತೊಟ್ಟ ಕಾಯಿಲು ನೀರನ್ನು ಕಾಯಿಸಲು ಹೆಚ್ಚು ಕರೆಂಟು ತಿನ್ನುತ್ತದೆ, ತನ್ನ ಬಿಸಿಗೆ ತಾನೇ ಸುಟ್ಟುಹೋಗುತ್ತದೆ. ಗೀಸರಿನ ಕಾಯಿಲು ಬದಲಿಸಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಷೀನಿಗೆ ನೀರು ಬರುವ ಪೈಪನ್ನು ಬಿಚ್ಚಿದರೆ ಅದರ ಬಾಯಲ್ಲಿ ಬೆರಳುಗುರಿನಷ್ಟು ಜಾಲರಿಯಿದೆ. ಬೋರಿನ ಮರಳೆಲ್ಲ ಅಲ್ಲಿ ಕೂತು, ‘ನೀರು ಬರ್ತಿಲ್ಲ’ ಎಂದು ಮಷೀನು ಕೀಕೀ ಎನ್ನುತ್ತದೆ. ನಾವು ಮೋಟರು ಹೋಯಿತೆಂದು ಹೆದರುತ್ತೇವೆ.

ಸುಣ್ಣಕ್ಕೆ ಮದ್ದು ಹುಳಿ. ಆಯುಧಪೂಜೆಯಲ್ಲಿ ನಾವು ನಿಂಬೆಹಣ್ಣನ್ನು ಇಡುವುದು ಮಷೀನಿನ ಹೊರಗೆ. ಅದಕ್ಕೆ ಬೇಕಾಗಿರುವುದು ಒಳಗೆ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುತ್ತದಲ್ಲ, ಸಿಟ್ರಿಕ್ ಆಮ್ಲ, ಅದನ್ನು ಸುಮಾರು 100 ಗ್ರಾಂ ಖಾಲಿ ಡ್ರಮ್ಮಿಗೆ ಹಾಕಿ ಬಿಸಿನೀರಿನಲ್ಲಿ ಒಂದು ಸುತ್ತು ಓಡಿಸಿದರೆ ಸುಣ್ಣ ಕರಗುತ್ತದೆ. ಕಂಪನಿಗಳು ಮಾರುವ ಹಲವು ಸುಣ್ಣ ತೆಗೆಯುವ ಪೊಟ್ಟಣಗಳ ಹಿಂದೆ ಸಣ್ಣಕ್ಷರದಲ್ಲಿರುವುದೂ ಇದೇ ಹೆಸರು. ಬೋರ್ ನೀರಿನ ಮನೆಯಾದರೆ ಎರಡು ಮೂರು ತಿಂಗಳಿಗೊಮ್ಮೆ ಸಾಕು, ಒಳ್ಳೆಯದೆಂದು ವಾರವಾರ ಹಾಕಿದರೆ ಲೋಹಕ್ಕೆ ಕೇಡು. ಮತ್ತೆ ಅದೇ ಅಕ್ಕರೆಯ ರೋಗ.

ಲೋಳೆ ಮತ್ತು ಸುಣ್ಣ ಎರಡು ಬೇರೆ ಬೇರೆ ಕಾಯಿಲೆ ಎಂಬುದನ್ನು ಮರೆತೇ ಬಹಳ ಜನ ಹಣ ಕಳೆಯುತ್ತಾರೆ. ಹುಳಿಗೆ ಸುಣ್ಣ ಬಗ್ಗುತ್ತದೆ, ಲೋಳೆ ಅಷ್ಟಾಗಿ ಬಗ್ಗುವುದಿಲ್ಲ. ಲೋಳೆಗೆ ಬಿಸಿನೀರು ಮತ್ತು ಆಮ್ಲಜನಕ ಬಿಡುವ ಬ್ಲೀಚು ಬೇಕು, ಒಳ್ಳೆಯ ಪುಡಿ ಡಿಟರ್ಜೆಂಟುಗಳಲ್ಲಿ ಅದು ಇರುತ್ತದೆ, ದ್ರವದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೊಬೈಲಿನ ವಿಡಿಯೋ ಪಂಡಿತರು ಇನ್ನೊಂದು ದಾರಿ ತೋರಿಸುತ್ತಾರೆ, ಅಡುಗೆಸೋಡಕ್ಕೆ ವಿನೆಗರ್ ಸುರಿಯುವುದು. ಬುರುಬುರು ಉಕ್ಕುವುದು ನೋಡಲು ಬಹಳ ಚೆಂದ. ಕ್ಷಾರವೂ ಆಮ್ಲವೂ ಒಂದನ್ನೊಂದು ತಿಂದು ಮುಗಿಸಿ, ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ನೊರೆ ಕಂಡರೆ ಶುದ್ಧವಾಯಿತು ಎಂಬ ಹಳೆಯ ನಂಬಿಕೆ ಇಲ್ಲಿ ವಿಜ್ಞಾನದ ವೇಷ ಹಾಕಿದೆ, ಅಷ್ಟೇ. ವಿನೆಗರ್ ಒಂದನ್ನೇ ಪದೇ ಪದೇ ಹಾಕಿದರೆ ಬಾಗಿಲಿನ ರಬ್ಬರಿಗೂ ಒಳ್ಳೆಯದಲ್ಲ. ತಮಾಷೆಯಲ್ಲದ ಮಾತು ಒಂದಿದೆ: ಬಿಳಿ ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚನ್ನು ನಿಂಬೆ ಉಪ್ಪಿನ ಜೊತೆಗಾಗಲಿ ವಿನೆಗರಿನ ಜೊತೆಗಾಗಲಿ ಎಂದೂ ಸೇರಿಸಬಾರದು. ಹೊರಡುವುದು ಕ್ಲೋರಿನ್ ಅನಿಲ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಸಂಚಕಾರ.

ಬಾಗಿಲಿನ ರಬ್ಬರು ಎಂದೆನಲ್ಲ, ಆ ಮಡಿಕೆಯನ್ನು ಬೆರಳಲ್ಲಿ ಹಿಂದಕ್ಕೆ ಎಳೆದು ನೋಡುವ ಧೈರ್ಯ ಒಮ್ಮೆ ಮಾಡಬೇಕು. ಕಾಲುಚೀಲವೊಂದು ಅಲ್ಲಿ ವನವಾಸ ಮಾಡುತ್ತಿರಬಹುದು. ಪ್ರತಿ ಸಲ ಒಗೆದಾದ ಮೇಲೆ ಒಣಬಟ್ಟೆಯಿಂದ ಆ ಮಡಿಕೆ ಒರೆಸುವುದು ಅರೆ ನಿಮಿಷದ ಕೆಲಸ. ಕೆಲಸ ಅರೆ ನಿಮಿಷದ್ದು, ಅದು ಯಾರದು ಎಂಬ ಚರ್ಚೆಗೆ ಮಾತ್ರ ಕೊನೆಯಿಲ್ಲ. ನಮ್ಮ ಮನೆಗಳ ಖಾತೆ ಹಂಚಿಕೆ ನೋಡಿ: ಬಟ್ಟೆ ಹಾಕುವುದು ತೆಗೆಯುವುದು ಹೆಂಗಸರದು, ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಎಎಂಸಿ ಚೌಕಾಸಿ ಮಾಡುವುದು ಗಂಡಸರದು, ಕಾಲರು ಕಫ್ಫು ತಿಕ್ಕಿಕೊಡುವುದು ಕೆಲಸದಾಕೆಯದು. ಫಿಲ್ಟರು, ರಬ್ಬರು, ಡ್ರಾಯರು ಯಾರ ಖಾತೆಗೂ ಸೇರಿಲ್ಲ. ಅದು ಒಗೆತವೂ ಅಲ್ಲ, ರಿಪೇರಿಯೂ ಅಲ್ಲ. ‘ಅಕ್ಕ, ಅದು ಕರೆಂಟ್ ಸಾಮಾನು, ನಾ ಮುಟ್ಟಲ್ಲ’ ಎಂದು ಕೆಲಸದಾಕೆ ಜಾಣತನದಿಂದ ಕಳಚಿಕೊಂಡಳು. ಯಜಮಾನರು ‘ಕೆಟ್ಟಾಗ ನೋಡೋಣ’ ಎಂದರು.

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಬರೆದ ‘ಮೋರ್ ವರ್ಕ್ ಫಾರ್ ಮದರ್’ ಪುಸ್ತಕದ ವಾದ ಇಲ್ಲಿ ನೆನಪಾಗುತ್ತದೆ. ಯಂತ್ರಗಳು ಬಂದ ಮೇಲೆ ಮನೆಗೆಲಸದ ಶ್ರಮ ತಗ್ಗಿತು, ಕೆಲಸ ತಗ್ಗಲಿಲ್ಲ. ಶುಚಿಯ ಅಳತೆಗೋಲೇ ಮೇಲೇರಿತು, ಬೇರೆಯವರ ಕೈಗೆಲಸವೆಲ್ಲ ತಾಯಿಯ ಪಾಲಿಗೆ ಬಂತು. ನಮ್ಮಲ್ಲೂ ಅದೇ ಆಗಿದೆ. ಕಲ್ಲಿಗೆ ಬಡಿಯುವ ಕಾಲದಲ್ಲಿ ಪ್ಯಾಂಟು ಒಂದು ವಾರ ನಡೆಯುತ್ತಿತ್ತು, ಈಗ ಅರ್ಧ ದಿನ ತೊಟ್ಟರೂ ‘ಮಷೀನಿಗೆ ಹಾಕು’. ಮಷೀನೇನು ಮಾತಾಡುವುದಿಲ್ಲವಲ್ಲ. ಸ್ವೀಡನ್ನಿನ ಡಾಕ್ಟರು ಹಾನ್ಸ್ ರೋಸ್ಲಿಂಗ್ 2010ರ ಉಪನ್ಯಾಸವೊಂದರಲ್ಲಿ ಇನ್ನೊಂದು ಮಗ್ಗುಲು ಹೇಳಿದ್ದರು. ಮನೆಗೆ ಮೊದಲ ಮಷೀನು ಬಂದ ದಿನ ಅವರ ಅಜ್ಜಿ ತಾನೇ ಗುಂಡಿ ಒತ್ತಿ, ಕುರ್ಚಿ ಹಾಕಿಕೊಂಡು ಒಗೆತ ಮುಗಿಯುವ ತನಕ ನೋಡುತ್ತ ಕೂತಿದ್ದರಂತೆ. ಉಳಿದ ಹೊತ್ತಿನಲ್ಲಿ ತಾಯಿ ಮಗನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋದರಂತೆ. ಕೋವನ್ ಹೇಳಿದ್ದೂ ನಿಜ, ರೋಸ್ಲಿಂಗ್ ಹೇಳಿದ್ದೂ ನಿಜ. ನಮ್ಮತ್ತೆ ಈಗಲೂ ಆ ಗಾಜಿನೆದುರು ಕೂರುತ್ತಾರೆ, ಕಾರಣ ಬೇರೆ: ಎಷ್ಟು ನೊರೆ ಬಂತು, ಯಾರು ಜಾಸ್ತಿ ಪುಡಿ ಹಾಕಿದರು ಎಂದು ಕಾವಲು. ಮತಾಂತರ ಹೊಂದಿದವರ ನಿಷ್ಠೆ ಮೂಲದವರಿಗೂ ಇರುವುದಿಲ್ಲ.

ಗಾಲಿಯ ಸ್ಟ್ಯಾಂಡಿನ ವಿಚಾರಕ್ಕೆ ಬರುತ್ತೇನೆ. ಮಷೀನು ಅಲುಗಾಡದಿರಲೆಂದೇ ಒಳಗೆ ಕಾಂಕ್ರೀಟಿನ ಭಾರ ಕಟ್ಟಿ ಕಳಿಸಿರುತ್ತಾರೆ, ನಾವು ಅದನ್ನು ಗಾಲಿಯ ಮೇಲೆ ನಿಲ್ಲಿಸುತ್ತೇವೆ. ನಿಮಿಷಕ್ಕೆ 1000, 1200 ಸುತ್ತಿನಲ್ಲಿ ಹಿಂಡುವಾಗ ಅದು ಬಚ್ಚಲಿನಿಂದ ಹೊರಟು ಹಜಾರದ ಕಡೆ ನಾಲ್ಕು ಹೆಜ್ಜೆ ಹಾಕಿದರೆ ತಪ್ಪು ಯಾರದು? ಮಷೀನನ್ನು ನೆಲದ ಮೇಲೆ ನಿಲ್ಲಿಸಿ ಅದರದೇ ಕಾಲಿನ ತಿರುಪು ಸರಿಮಾಡಿ, ಮೂಲೆ ಹಿಡಿದು ಒತ್ತಿದರೆ ಅಲುಗದಂತೆ ಮಾಡಿದರೆ ಸಾಕು. ಆದರೆ ನೆಲಕ್ಕೆ ಇಳಿಸಿದರೆ ಇಲಿ ಬರುತ್ತದೆ ಎನ್ನುತ್ತಾರೆ. ಬರುತ್ತದೆ, ಸ್ಟ್ಯಾಂಡಿದ್ದರೂ ಬರುತ್ತದೆ. ತಳಕ್ಕೆ ಇಲಿ ಜಾಲರಿ ಹಾಕಿಸದ ಮಷೀನಿನ ವೈರುಗಳು ಬೆಂಗಳೂರಿನ ಇಲಿಗಳಿಗೆ ಬಹಳ ಇಷ್ಟ. ನಮ್ಮ ಗದಗಿನ ಹುಡುಗನ ಪ್ರಕಾರ ಅವನ ಸಂಪಾದನೆಯಲ್ಲಿ ‘ಅರ್ಧಾ ಇಲಿ ಕೊಡತಾವ, ಅರ್ಧಾ ಸಬಕಾರ ಕೊಡತದ’.

ಅವನು ಹೋಗುವಾಗ ಹೇಳಿದ ಕೊನೆಯ ಸೂಚನೆ ಕವರ್ ತೆಗೆಯಿರಿ, ಒಗೆದಾದ ಮೇಲೆ ಬಾಗಿಲು ಸ್ವಲ್ಪ ತೆರೆದಿಡಿ, ಒಳಗೆ ಗಾಳಿಯಾಡಲಿ ಎಂದು. ಖರ್ಚಿಲ್ಲದ ಮದ್ದು, ಎಲ್ಲಕ್ಕಿಂತ ದೊಡ್ಡ ಮದ್ದು. ಜಾರಿಗೆ ಬರುವುದು ಮಾತ್ರ ಕಷ್ಟ. ತೆರೆದ ಬಾಗಿಲನ್ನು ಕಂಡರೆ ಮುಚ್ಚುವ ಕೈ ನಮ್ಮದು. ನಾನು ತೆರೆದಿಟ್ಟದ್ದನ್ನು ಯಜಮಾನರು ಮುಚ್ಚುತ್ತಾರೆ, ಅವರು ಮರೆತರೆ ಮನೆಗೆ ಬಂದ ನೆಂಟರು ಕೈತೊಳೆಯಲು ಹೋದವರು ಉಪಕಾರವೆಂದು ಮುಚ್ಚುತ್ತಾರೆ. ಅತ್ತೆಯ ಆಕ್ಷೇಪಣೆ ಬೇರೆ: ‘ಒಳಗೆ ಹಲ್ಲಿ ಹೋಗಿ ಕೂತ್ರೆ?’ ಇದಕ್ಕೆ ಯಾವ ಕೈಪಿಡಿಯಲ್ಲೂ ಉತ್ತರವಿಲ್ಲ. ಕೊನೆಗೆ ಹಳೆಯ ಸೊಳ್ಳೆಪರದೆಯ ತುಂಡಿಗೆ ಅವರೇ ಎಲಾಸ್ಟಿಕ್ ಹೊಲಿದು, ಡ್ರಮ್ಮಿನ ಬಾಯಿಗೆ ಹಾಕಲು ಒಂದು ಮುಸುಕು ತಯಾರಿಸಿದರು. ಗಾಳಿ ಆಡುತ್ತದೆ, ಹಲ್ಲಿ ಹೋಗುವುದಿಲ್ಲ. ಎದುರುಮನೆಯವರು ನೋಡಿ ತಮಗೂ ಒಂದು ಬೇಕೆಂದರು. ಈಗ ಅತ್ತೆ ಸೊಳ್ಳೆಪರದೆ ಹುಡುಕುತ್ತಿದ್ದಾರೆ, ಅಂಚಿಗೆ ಕ್ರೋಶಾ ಹೆಣೆಯುವ ಯೋಚನೆಯೂ ಇದೆಯಂತೆ.